ಜೇಬಿನ ಚಾಕು ಹೊಸ್ತಿಲು ದಾಟಿದಾಗ

ನಿಮ್ಮ ಮನೆಯಲ್ಲಿ ಹರಿತವಾದ ವಸ್ತುಗಳು ಎಷ್ಟಿವೆ ಎಂದು ಯಾವತ್ತಾದರೂ ಎಣಿಸಿದ್ದೀರಾ? ಮಕ್ಕಳೇ, ಈ ಭಾನುವಾರ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಎಣಿಸಿ ನೋಡಿ. ಮುಟ್ಟಬೇಡಿ, ಬರೀ ಎಣಿಸಿ. ಅಡುಗೆಮನೆಯಲ್ಲಿ ಈಳಿಗೆಮಣೆ, ಎರಡು ಮೂರು ಚಾಕು, ತೆಂಗಿನಕಾಯಿಗೆ ಒಂದು ಮಚ್ಚು. ನಡುಮನೆಯಲ್ಲಿ ಅಜ್ಜಿಯ ಎಲೆಅಡಿಕೆ ತಟ್ಟೆಯ ಅಡಕತ್ತರಿ. ಹಿತ್ತಿಲಿನಲ್ಲಿ ಕುಡುಗೋಲು, ಕೊಡಲಿ. ಅಪ್ಪನ ಶೇವಿಂಗ್ ಡಬ್ಬಿಯಲ್ಲಿ ಬ್ಲೇಡು, ಅಮ್ಮನ ಹೊಲಿಗೆ ಡಬ್ಬಿಯಲ್ಲಿ ಕತ್ತರಿ, ನಿಮ್ಮ ಕಂಪಾಸ್ ಬಾಕ್ಸಿನಲ್ಲಿ ಕೈವಾರದ ಮುಳ್ಳು. ಕಡೂರಿನ ನಮ್ಮ ಮನೆಯಲ್ಲಿ ಎಣಿಸಿದಾಗ ಹದಿನೇಳು ಸಿಕ್ಕವು. ಹದಿನೆಂಟನೆಯದು ನನ್ನ ಪ್ಯಾಂಟಿನ ಜೇಬಿನಲ್ಲೇ ಇತ್ತು. ಮಡಚುವ ಚಾಕು.

ಮನೆಯೊಳಗಿನ ಹದಿನೇಳರ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಹದಿನೆಂಟನೆಯದು ನನ್ನ ಜೊತೆ ಹೊಸ್ತಿಲು ದಾಟಿ ಬಸ್ ಸ್ಟ್ಯಾಂಡಿಗೆ, ಸಂತೆಗೆ, ರೈಲಿಗೆ ಬರುತ್ತದೆ. ಅದಕ್ಕೆ ಕಾನೂನು ಏನು ಹೇಳುತ್ತದೆ ಎಂಬುದೇ ಈ ಲೇಖನದ ವಿಷಯ.

ನಮ್ಮ ಕಾಲದಲ್ಲಿ ಜೇಬಿನಲ್ಲಿ ಚಾಕು ಇರುವುದು ಕರವಸ್ತ್ರ ಇದ್ದಷ್ಟೇ ಸಹಜ. ಪೆನ್ಸಿಲ್ ಚೂಪು ಮಾಡಲು ಮೆಂಡರ್ ಎಲ್ಲರ ಹತ್ತಿರ ಇರಲಿಲ್ಲ. ಮೇಷ್ಟ್ರ ಮೇಜಿನ ಮೇಲೆ ಒಂದು ಸಣ್ಣ ಚಾಕು ಇರುತ್ತಿತ್ತು, ಸಾಲಾಗಿ ನಿಂತು ಕೆತ್ತಿಸಿಕೊಳ್ಳುತ್ತಿದ್ದೆವು. ಇಂಗ್ಲಿಷಿನವರು ಇದನ್ನು ‘ಪೆನ್‌ನೈಫ್’ ಅನ್ನುವುದಕ್ಕೂ ಇಂಥದ್ದೇ ಕಾರಣ. ಹಿಂದೆ ಅವರು ಬರೆಯುತ್ತಿದ್ದದ್ದು ಹಕ್ಕಿಯ ಗರಿಯಿಂದ. ಗರಿಯ ತುದಿ ಸವೆದಾಗ ಮತ್ತೆ ಕೆತ್ತಲು ಸಣ್ಣ ಚಾಕು ಬೇಕಿತ್ತು. ಪೆನ್ನಿನ ಚಾಕು, ಅಷ್ಟೇ.

ಬ್ಯಾಂಕಿಗೆ ಸೇರಿದ ಮೇಲೂ ಚಾಕು ಬಿಡಲಿಲ್ಲ. ಅಜ್ಜಂಪುರ ಶಾಖೆಯಲ್ಲಿ ನಾನು ಕ್ಯಾಷ್ ಕೌಂಟರಿನಲ್ಲಿದ್ದಾಗ ಈರುಳ್ಳಿ ಸುಗ್ಗಿ ಬಂತೆಂದರೆ ಮಂಡಿಯವರು ಚೀಲದಲ್ಲಿ ನೋಟು ತರುತ್ತಿದ್ದರು. ಪ್ರತಿ ಕಟ್ಟಿಗೂ ದಪ್ಪ ಸ್ಟೇಪಲ್ ಪಿನ್ನು. ಅದನ್ನು ಎಬ್ಬಿಸಲು ಚಾಕುವಿನ ಮೊನೆ. ಮೊಹರು ಮಾಡಿದ ಚೀಲದ ದಾರ ಕತ್ತರಿಸಲು ಚಾಕು, ಆರಿದ ಅರಗು ಕೆರೆಯಲು ಚಾಕು. ನೋಟಿಗೆ ಸ್ಟೇಪಲ್ ಹೊಡೆಯುವುದನ್ನು ನಿಲ್ಲಿಸಿ, ಕಾಗದದ ಪಟ್ಟಿ ಸುತ್ತಿ ಎಂದು ರಿಸರ್ವ್ ಬ್ಯಾಂಕ್ 2001ರಲ್ಲಿ ಬ್ಯಾಂಕುಗಳಿಗೆ ಹೇಳಿತು. ನೋಟುಗಳ ಆಯುಸ್ಸು ಹೆಚ್ಚಿತು, ನನ್ನ ಚಾಕುವಿಗೆ ಕೆಲಸ ಕಡಿಮೆಯಾಯಿತು. ಅದು ಈಗ ಸೌತೆಕಾಯಿ, ಸೀಬೆಹಣ್ಣಿಗೆ ಮಾತ್ರ.

ಕಾನೂನಿನ ಕಡೆ ನನ್ನ ತಲೆ ತಿರುಗಿದ್ದು ಒಂದು ಫೋನ್ ಕರೆಯಿಂದ. ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತು. ಕರೆ ಮಾಡಿದವರು ತರೀಕೆರೆ ಕಡೆಯ ತೋಟದ ಯಜಮಾನರು, ನನ್ನ ವಾರಿಗೆಯವರು. ನಾನು ಅಲ್ಲಿನ ಶಾಖೆಯಲ್ಲಿದ್ದಾಗ ಬೆಳೆಸಾಲಕ್ಕೆಂದು ಬಂದು ಸ್ನೇಹಿತರಾದವರು.

“ಬ್ಯಾಂಕಿನೋರೇ, ಮೊಮ್ಮಗನ್ನ ಸ್ಕೂಲಿಂದ ಮನೆಗೆ ಕಳ್ಸಿದಾರೆ. ಬ್ಯಾಗಲ್ಲಿ ಚಾಕು ಸಿಕ್ತಂತೆ. ಚಾಕು ನಂದು. ನಾನೇ ಅವನ ಕೈಗೆ ಕೊಟ್ಟಿದ್ದು. ಪೊಲೀಸ್ ಕೇಸ್ ಆಗತ್ತಾ?”

ಹುಡುಗ ಎಂಟನೇ ಕ್ಲಾಸು, ಹದಿಮೂರು ವರ್ಷ. ಚಾಕು ಅವರ ತಂದೆಯ ಕಾಲದ್ದು, ಊರಿನ ಕುಲುಮೆಯಲ್ಲೇ ಮಾಡಿಸಿದ್ದು. ಹಿತ್ತಾಳೆ ಹಿಡಿ, ಮೂರು ಇಂಚಿನ ಅಲಗು. ತೋಟಕ್ಕೆ ಜೊತೆಗೆ ಬಂದು ಬಾಳೆಪಟ್ಟೆ ಸೀಳಿ ಎಲೆಬಳ್ಳಿ ಕಟ್ಟುವುದನ್ನು ಕಲಿತನೆಂದು ಖುಷಿಯಾಗಿ ಅಜ್ಜ ಅದನ್ನು ಕೊಟ್ಟಿದ್ದರು. ಹುಡುಗ ಗೆಳೆಯರಿಗೆ ತೋರಿಸಲು ಬ್ಯಾಗಿನಲ್ಲಿಟ್ಟುಕೊಂಡು ಹೋದ. ಯಾರೋ ಒಬ್ಬ ಹುಡುಗ ಹೆದರಿ ಟೀಚರಿಗೆ ಹೇಳಿದ. ಅಷ್ಟೇ ಆದದ್ದು.

“ಕೇಸ್ ಆಗತ್ತಾ?” ಎಂಬ ಪ್ರಶ್ನೆಗೆ ನಾನು ಆವತ್ತು ಉತ್ತರ ಕೊಡಲಿಲ್ಲ. ಬಿ.ಕಾಂ.ನಲ್ಲಿ ಮರ್ಕಂಟೈಲ್ ಲಾ ಓದಿದ್ದೆ. ಅದರಲ್ಲಿ ಹುಂಡಿ, ಚೆಕ್ಕು, ಕರಾರು ಇತ್ತು, ಚಾಕು ಇರಲಿಲ್ಲ. ಕಡೂರಿನ ನ್ಯಾಯಾಲಯದಲ್ಲಿ ವಕೀಲಿಕೆ ಮಾಡುವ ಮಿತ್ರರೊಬ್ಬರ ಮನೆಗೆ ಸಂಜೆ ಹೋಗಿ, ಅವರ ಪುಸ್ತಕ ಇಸಿದುಕೊಂಡು ಮೂರು ದಿನ ಓದಿದೆ. ಲೆಡ್ಜರ್ ಟ್ಯಾಲಿ ಮಾಡುವವನಿಗೆ ಕಾನೂನಿನ ಪುಸ್ತಕ ಅಂಥಾ ಕಷ್ಟವೇನಲ್ಲ. ಮೊದಲು ವ್ಯಾಖ್ಯೆ ನೋಡಬೇಕು, ಆಮೇಲೆ ಉಳಿದದ್ದು.

ನಮ್ಮ ದೇಶದಲ್ಲಿ ಆಯುಧಗಳಿಗೆ ಇರುವ ಮುಖ್ಯ ಕಾನೂನು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದಕ್ಕೆ ಮೊದಲು ಬ್ರಿಟಿಷರು 1878ರಲ್ಲಿ ಮಾಡಿದ್ದ ಕಾನೂನು ಇತ್ತು. ಭಾರತೀಯರ ಕೈಗೆ ಆಯುಧ ಸಿಗದಂತೆ ನೋಡಿಕೊಳ್ಳುವುದೇ ಅದರ ಉದ್ದೇಶ. ಸ್ವಾತಂತ್ರ್ಯದ ನಂತರ ಬಂದ ಕಾಯ್ದೆ ‘ಆಯುಧ’ ಎಂದರೆ ಏನು ಎಂಬುದನ್ನು ಎರಡನೆಯ ಕಲಮಿನಲ್ಲೇ ಹೇಳುತ್ತದೆ. ಆಕ್ರಮಣಕ್ಕೋ ರಕ್ಷಣೆಗೋ ಆಯುಧವಾಗಿ ಬಳಸಲೆಂದೇ ರೂಪಿಸಿದ ಅಥವಾ ಮಾರ್ಪಡಿಸಿದ ವಸ್ತು ಆಯುಧ. ಬಂದೂಕು ಅದರಲ್ಲಿ ಸೇರುತ್ತದೆ, ಹರಿತವಾದ ಅಲಗಿನ ಮಾರಕ ಆಯುಧಗಳೂ ಸೇರುತ್ತವೆ. ಆದರೆ ಕೇವಲ ಮನೆಬಳಕೆಗೆ, ಬೇಸಾಯಕ್ಕೆ ಎಂದು ಮಾಡಿದ ವಸ್ತುಗಳು ಸೇರುವುದಿಲ್ಲ. ಉದಾಹರಣೆಗೆ ಲಾಠಿ, ಸಾಧಾರಣ ಊರುಗೋಲು ಎಂದು ಕಾಯ್ದೆಯೇ ಹೆಸರಿಸುತ್ತದೆ. ನನ್ನ ವಯಸ್ಸಿನವರು ಇದನ್ನು ಓದಿ ನೆಮ್ಮದಿಯಾಗಿರಬಹುದು, ನಮ್ಮ ಕೋಲಿಗೆ ಪಾರ್ಲಿಮೆಂಟಿನ ಒಪ್ಪಿಗೆ ಇದೆ! ಆಟಿಕೆಯಾಗಿ ಬಿಟ್ಟರೆ ಬೇರೆ ಯಾವುದಕ್ಕೂ ಬಾರದ, ನಿಜವಾದ ಆಯುಧವಾಗಿ ಬದಲಾಯಿಸಲೂ ಆಗದ ವಸ್ತುಗಳೂ ಹೊರಗೆ. ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಕತ್ತಿಗೆ ಹೀಗಾಗಿ ಲೈಸೆನ್ಸ್ ಬೇಕಿಲ್ಲ.

ಅಂದರೆ ಮುಖ್ಯ ಪ್ರಶ್ನೆ ‘ಎಷ್ಟು ಹರಿತ’ ಎನ್ನುವುದಲ್ಲ, ‘ಯಾತಕ್ಕೆ ಮಾಡಿದ್ದು’ ಎನ್ನುವುದು. ಗೊನೆ ಕೊಯ್ಯುವ ಕುಡುಗೋಲು ನನ್ನ ಜೇಬಿನ ಚಾಕುವಿಗಿಂತ ಹತ್ತು ಪಟ್ಟು ಭಯಂಕರ. ಆದರೂ ಅದು ಬೇಸಾಯದ ಸಾಮಾನು. ಎಳನೀರಿನವನ ಮಚ್ಚೂ ಅವನ ಅನ್ನದ ಸಾಮಾನು.

ಇನ್ನು ಅಳತೆಯ ಮಾತು. ಊರಿನ ಕಟ್ಟೆಯಲ್ಲಿ ಕೇಳಿದರೆ ಒಬ್ಬ ‘ನಾಲ್ಕು ಇಂಚು ದಾಟಬಾರದು’ ಅನ್ನುತ್ತಾನೆ, ಇನ್ನೊಬ್ಬ ‘ಆರು ಇಂಚು’ ಅನ್ನುತ್ತಾನೆ. ನಿಯಮಗಳ ಪುಸ್ತಕದಲ್ಲಿ ಇರುವುದು ಒಂಬತ್ತು ಇಂಚು. ಮೊದಲು 1962ರ ನಿಯಮಗಳಲ್ಲಿ ಇತ್ತು, ಈಗಿರುವ 2016ರ ನಿಯಮಗಳ ಪಟ್ಟಿಯಲ್ಲೂ ಇದೆ. ಕತ್ತಿ, ಒಳಗೆ ಅಲಗು ಅಡಗಿಸಿದ ಕೋಲು, ಬಾಕು, ಈಟಿ, ಯುದ್ಧದ ಕೊಡಲಿ, ಜೊತೆಗೆ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕು ಮೊದಲಾದವು ಐದನೆಯ ವರ್ಗದ ಆಯುಧಗಳು. ಇಲ್ಲಿ ಕೂಡ ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಯ ಬಳಕೆಗೆ ಮಾಡಿದ್ದನ್ನು ಬಿಟ್ಟಿದ್ದಾರೆ. ಮಕ್ಕಳೇ, ಕಂಪಾಸ್ ಬಾಕ್ಸಿನ 15 ಸೆಂಟಿಮೀಟರ್ ಸ್ಕೇಲ್ ತೆಗೆದುಕೊಳ್ಳಿ. 9 ಇಂಚು ಅಂದರೆ ಅಂಥ ಒಂದೂವರೆ ಸ್ಕೇಲಿಗಿಂತ ಚೂರು ಹೆಚ್ಚು, 22.86 ಸೆಂ.ಮೀ. ಅಷ್ಟುದ್ದದ ಚಾಕು ಯಾವ ಜೇಬಿಗೂ ಹಿಡಿಸುವುದಿಲ್ಲ.

ಈ ವರ್ಗದ ಆಯುಧಕ್ಕೆ ಎಲ್ಲ ಊರಿನಲ್ಲೂ ಲೈಸೆನ್ಸ್ ಬೇಕೇ? ಇಲ್ಲಿ ಒಂದು ಸೂಕ್ಷ್ಮ ಇದೆ. ಬಂದೂಕಿಗೆ ದೇಶದಾದ್ಯಂತ ಲೈಸೆನ್ಸ್ ಬೇಕು, ಅದು ಮೂರನೆಯ ಕಲಮು. ಉಳಿದ ಆಯುಧಗಳದ್ದು ನಾಲ್ಕನೆಯ ಕಲಮು. ಯಾವ ಪ್ರದೇಶಕ್ಕೆ ಅಗತ್ಯವೋ ಆ ಪ್ರದೇಶವನ್ನು, ಯಾವ ಬಗೆಯ ಆಯುಧವೋ ಆ ಬಗೆಯನ್ನು ಹೆಸರಿಸಿ ಗೆಜೆಟ್ಟಿನಲ್ಲಿ ಅಧಿಸೂಚನೆ ಹೊರಡಿಸಬೇಕು. ಆಮೇಲೆ ಅಲ್ಲಿ ಅದಕ್ಕೆ ಲೈಸೆನ್ಸ್ ಬೇಕು. ದೆಹಲಿಯಲ್ಲಿ 1980ರಲ್ಲಿ ಇಂಥ ಅಧಿಸೂಚನೆ ಬಂತು. ಗುಂಡಿ ಒತ್ತಿದರೆ ಚಿಮ್ಮುವ, ಸ್ಪ್ರಿಂಗ್ ಇರುವ ಚಾಕುಗಳ ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಅಥವಾ ಹೆಚ್ಚಿದ್ದರೆ ಅದರ ಹಿಡಿತಕ್ಕೆ ಬರುತ್ತವೆ. ಒಂದೇ ದೇಶ, ಒಂದೇ ಕಾಯ್ದೆ, ಆದರೂ ಊರಿಂದೂರಿಗೆ ಅಳತೆ ಬೇರೆಯಾಗುವುದು ಹೀಗೆ. ನಮ್ಮ ಬ್ಯಾಂಕಿನಲ್ಲಿ ಹೆಡ್ ಆಫೀಸಿನ ಸರ್ಕ್ಯುಲರ್ ಒಂದು, ಶಾಖೆಗೆ ಮಾತ್ರ ಅನ್ವಯಿಸುವ ಆದೇಶ ಇನ್ನೊಂದು ಇರುತ್ತಿದ್ದ ಹಾಗೆ.

‘ಹಾಗಾದರೆ ಒಂಬತ್ತು ಇಂಚಿನೊಳಗಿನ ಚಾಕು ಹಿಡಿದು ಎಲ್ಲಿ ಬೇಕಾದರೂ ತಿರುಗಬಹುದು’ ಎಂದು ಯಾರೂ ಲೆಕ್ಕ ಹಾಕಬೇಡಿ. ನಮ್ಮ ರಾಜ್ಯಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಎಂಬ ಇನ್ನೊಂದು ಕಾನೂನಿದೆ. ಅದರ 35ನೇ ಕಲಮಿನ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರು, ಅಂದರೆ ನಮ್ಮ ಚಿಕ್ಕಮಗಳೂರಿನ ಜಿಲ್ಲಾಧಿಕಾರಿಗಳು, ಶಾಂತಿ ಕದಡುವ ಸಂದರ್ಭ ಕಂಡರೆ ಕತ್ತಿ, ಈಟಿ, ಚಾಕು, ದೊಣ್ಣೆ ಇಂಥವನ್ನು ಸಾರ್ವಜನಿಕ ಸ್ಥಳದಲ್ಲಿ ಹಿಡಿದು ಓಡಾಡುವುದನ್ನು ನಿಷೇಧಿಸಬಹುದು. ಆಗ ಇಂಚಿನ ಲೆಕ್ಕ ಇಲ್ಲ. ಚಾಕು ಅಂದರೆ ಚಾಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಅಪರಾಧ ಮಾಡುವ ಉದ್ದೇಶದಿಂದ ಅಪಾಯಕಾರಿ ವಸ್ತು ಇಟ್ಟುಕೊಂಡು ತಿರುಗುವುದೂ ಅದೇ ಕಾಯ್ದೆಯ ಪ್ರಕಾರ ತಪ್ಪು.

ಇನ್ನೊಂದು, ಎಲ್ಲರ ಬಾಯಲ್ಲೂ ಇರುವ ‘ನೂರ ನಲವತ್ತನಾಲ್ಕು’. ಇದಕ್ಕೆ ಈಗ ನಂಬರು ಬದಲಾಗಿದೆ. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಜಾರಿಗೆ ಬಂದವು. ಹಳೆಯ 144 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು. ಸಾಮಾನ್ಯವಾಗಿ ಇದರ ಆದೇಶ ಎರಡು ತಿಂಗಳಿಗಿಂತ ಹೆಚ್ಚು ನಡೆಯುವುದಿಲ್ಲ. ಮೀರಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ 2,500 ರೂಪಾಯಿವರೆಗೆ ದಂಡ ಅಥವಾ ಎರಡೂ. ಜನರ ಜೀವಕ್ಕೆ ಅಪಾಯ ತಂದರೆ ಒಂದು ವರ್ಷ, 5,000 ರೂಪಾಯಿಯವರೆಗೆ. ಇಂಥ ಆದೇಶಗಳನ್ನು ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ರಾಶಿ ಭವಿಷ್ಯ ಓದುವ ಮೊದಲು ಅದನ್ನೊಮ್ಮೆ ಓದಿ. ಅನುಮಾನ ಇದ್ದರೆ ಠಾಣೆಯಲ್ಲಿ ಕೇಳಿ. ಕೇಳಿದವರನ್ನು ಯಾರೂ ಹಿಡಿದುಹಾಕುವುದಿಲ್ಲ.

ಸಂವಿಧಾನವನ್ನೂ ಇಲ್ಲಿ ಒಂದು ಮಾತಿನಲ್ಲಿ ನೆನೆಯಬೇಕು. ನಮಗೆಲ್ಲ ಸಭೆ ಸೇರುವ ಹಕ್ಕು ಕೊಡುವ 19ನೇ ವಿಧಿ ಹೇಳುವುದು ‘ಶಾಂತಿಯುತವಾಗಿ, ಆಯುಧಗಳಿಲ್ಲದೆ’ ಎಂದು. ಹಕ್ಕನ್ನು ಕೊಡುವ ವಾಕ್ಯದೊಳಗೇ ಷರತ್ತನ್ನೂ ಸೇರಿಸಿದ್ದಾರೆ.

ಮತಗಟ್ಟೆಯ ಕಾನೂನು ಇನ್ನೂ ಬಿಗಿ. ಬ್ಯಾಂಕಿನವರಿಗೆ ಚುನಾವಣೆ ಡ್ಯೂಟಿ ತಪ್ಪಿದ್ದಲ್ಲ. 1999ರಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ ನಡೆಯಿತು. ನಾನು ಒಂದು ಹಳ್ಳಿಯ ಶಾಲೆಯಲ್ಲಿ ಪೋಲಿಂಗ್ ಆಫೀಸರ್, ಬೆರಳಿಗೆ ಶಾಯಿ ಹಚ್ಚುವ ಕೆಲಸ. ಹತ್ತು ಗಂಟೆಯ ಸುಮಾರಿಗೆ ತೋಟದ ಕೆಲಸದ ನಡುವೆ ಓಡಿಬಂದ ಒಬ್ಬರು, ಸೊಂಟದ ಹಿಂದೆ ಕುಡುಗೋಲು ಸಿಕ್ಕಿಸಿಕೊಂಡೇ ಸಾಲಿನಲ್ಲಿ ನಿಂತಿದ್ದರು. ಕಾನ್‌ಸ್ಟೇಬಲ್ ನೋಡಿ, “ಯಜಮಾನ್ರೇ, ಅದನ್ನ ಆಚೆ ಬೇವಿನಮರದ ಬುಡದಾಗೆ ಇಟ್ಟು ಬನ್ನಿ” ಅಂದರು. ಅವರು, “ಕಳದೋದ್ರೆ ನೀವ್ ಕೊಡ್ತೀರೇನ್ರೀ ಹೊಸದು?” ಅಂತ ಕೇಳಿದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಕೊನೆಗೆ ಕಾನ್‌ಸ್ಟೇಬಲ್ಲೇ ಮರದ ಬುಡದಲ್ಲಿ ಕುಡುಗೋಲಿಗೆ ಕಾವಲು ನಿಂತರು. ಮತದಾನದ ದಿನ ಮತಗಟ್ಟೆಯ ಆಸುಪಾಸಿನಲ್ಲಿ ಆಯುಧ ಹಿಡಿದು ಬರುವುದಕ್ಕೆ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಸಜೆ ಇದೆ. ಕುಡುಗೋಲು ಬೇಸಾಯದ ಸಾಮಾನು ಎಂಬುದು ಆ ಕಾನ್‌ಸ್ಟೇಬಲ್ಲಿಗೂ ಗೊತ್ತಿತ್ತು. ಆದರೂ ಅದು ಸೊಂಟದಲ್ಲಿದ್ದರೆ ಮುಂದೆ ನಿಂತವರಿಗೆ ಹಿಂದೆ ತಿರುಗಿ ನೋಡುವ ಹಾಗಾಗುತ್ತದೆ. ಅವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಕೊಡಗಿನವರ ವಿಷಯ ಬೇರೆಯೇ. ಮದುವೆಯಲ್ಲಿ ಕೊಡವರ ಗಂಡು ಕುಪ್ಯಚೇಲೆ ತೊಟ್ಟು ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಳ್ಳುವುದನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಬ್ರಿಟಿಷರ ಕಾಲದಲ್ಲಿ, 1861ರಲ್ಲೇ, ಮಾರ್ಕ್ ಕಬ್ಬನ್ ಆಡಳಿತದಲ್ಲಿ ಅವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಸಿಕ್ಕಿತು. ಬೆಂಗಳೂರಿನ ಕಬ್ಬನ್ ಪಾರ್ಕ್ ಹೆಸರು ಬಂದದ್ದು ಇದೇ ಕಬ್ಬನ್ನರಿಂದ. 1959ರ ಕಾಯ್ದೆಯ ಅಡಿಯಲ್ಲೂ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿತು. ಇದು ಸರಿಯೇ ಎಂಬ ಪ್ರಶ್ನೆ ಹೈಕೋರ್ಟಿಗೂ ಹೋಯಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಭತ್ತದ ನಾಟಿ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಅವರು ಆಯುಧಗಳಿಗೆ ಪೂಜೆ ಮಾಡುತ್ತಾರೆ. ನಾವು ಅದೇ ಪೂಜೆಯನ್ನು ನವರಾತ್ರಿಯಲ್ಲಿ ಮಾಡುತ್ತೇವೆ. ನಮ್ಮ ಬೀದಿಯಲ್ಲಿ ಈಗ ಮಿಕ್ಸಿಗೂ ಲ್ಯಾಪ್‌ಟಾಪಿಗೂ ಕುಂಕುಮ.

ಸಿಖ್ಖರ ಕಿರ್ಪಾಣವನ್ನಂತೂ ಸಂವಿಧಾನವೇ ಹೆಸರಿಸಿದೆ. ಕಿರ್ಪಾಣ ಧರಿಸುವುದು ಅವರ ಧರ್ಮಾಚರಣೆಯ ಭಾಗ ಎಂದು 25ನೇ ವಿಧಿಯ ವಿವರಣೆಯಲ್ಲಿದೆ. ವಿಮಾನದಲ್ಲಿ ದೇಶದೊಳಗಿನ ಪ್ರಯಾಣಕ್ಕೆ ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರದ ಕಿರ್ಪಾಣಕ್ಕೆ ಅವಕಾಶವಿದೆ.

ನಮ್ಮ ಕಡೆ ವೀರಗಾಸೆಯವರ ಕೈಯಲ್ಲಿ ಖಡ್ಗ ಇರುತ್ತದೆ. ಕಡೂರು, ಬೀರೂರು, ತರೀಕೆರೆ ಸುತ್ತಿನಲ್ಲಿ ವೀರಗಾಸೆ ಇಲ್ಲದೆ ರಥೋತ್ಸವ ಕಳೆಗಟ್ಟುವುದಿಲ್ಲ. ಮೆರವಣಿಗೆಗೆ ಮೊದಲೇ ಠಾಣೆಗೆ ಬರೆದು ತಿಳಿಸಿ ಅನುಮತಿ ಪಡೆದರೆ ಯಾವ ತಕರಾರೂ ಇರುವುದಿಲ್ಲ.

ವಿಮಾನದ ಮಾತು ಬಂತಲ್ಲ. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ತರೀಕೆರೆ, ಅಜ್ಜಂಪುರದ ಅಜ್ಜ ಅಜ್ಜಿಯರೂ ಮಕ್ಕಳ ಮನೆಗೆ ಹಾರಿ ಹೋಗುತ್ತಿದ್ದಾರೆ. ನೆನಪಿಡಿ, ಚಾಕು ಎಷ್ಟೇ ಚಿಕ್ಕದಿರಲಿ, ಕೈಚೀಲದಲ್ಲಿ ಬಿಡುವುದಿಲ್ಲ. ಕೌಂಟರಿನಲ್ಲಿ ತೂಕ ಹಾಕಿ ಕೊಡುವ ದೊಡ್ಡ ಪೆಟ್ಟಿಗೆಯಲ್ಲಿ ಇಡಬೇಕು. ನಮ್ಮ ಅಕ್ಕ ಮಗನ ಮನೆಗೆ ಹೊರಟಾಗ ಎಲೆಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ತಪಾಸಣೆಯಲ್ಲಿ ಅಡಕತ್ತರಿ ಕಂಡಿತು. ಆ ಹುಡುಗಿ, ಭದ್ರತೆಯವಳು, “ಅಜ್ಜೀ, ಇದೇನು?” ಅಂತ ಕೇಳಿದಳಂತೆ. ಉತ್ತರದ ಕಡೆಯ ಹುಡುಗಿ, ಅಡಕತ್ತರಿ ನೋಡಿರಲಿಲ್ಲ. ಅಕ್ಕ ಒಂದು ಅಡಿಕೆ ಕತ್ತರಿಸಿ ತೋರಿಸಿದಳು! ಕತ್ತರಿಸಿ ತೋರಿಸಿದ ಮೇಲಂತೂ ಅದು ಹರಿತವಾಗಿದೆ ಎಂಬುದು ಖಾತ್ರಿಯಾಯಿತು. ಅಡಕತ್ತರಿ ಅಲ್ಲಿಯೇ ಉಳಿಯಿತು, ಅಕ್ಕ ಮಗನ ಊರಿನಲ್ಲಿ ಒಂದು ತಿಂಗಳು ಪೊಟ್ಟಣದ ಅಡಿಕೆಪುಡಿ ಹಾಕಿಕೊಂಡಳು. ಬೆಂಗಳೂರಿನ ಮೆಟ್ರೊದಲ್ಲೂ ಚೀಲವನ್ನು ಯಂತ್ರದಲ್ಲಿ ಹಾಯಿಸುತ್ತಾರೆ. ಕಡೂರಿನಿಂದ ರೈಲಿನಲ್ಲಿ ಹಣ್ಣು ಕೊಯ್ಯುತ್ತಾ ಹೋಗಿ, ಇಳಿದು ಮೆಟ್ರೊ ಹತ್ತುವವರು ಇದನ್ನು ಗಮನದಲ್ಲಿಡಬೇಕು.

ಈಗ ದೊಡ್ಡ ಹುಡುಗರಿಗೆ ಒಂದು ಮಾತು. ಮೊಬೈಲಿನಲ್ಲಿ ಕತ್ತಿಯಿಂದ ಕೇಕ್ ಕತ್ತರಿಸುವ, ಮಚ್ಚು ಹಿಡಿದು ಗತ್ತಿನಿಂದ ನಡೆಯುವ ವಿಡಿಯೊಗಳು ಬರುತ್ತವಲ್ಲ, ಅವುಗಳನ್ನು ಪೊಲೀಸರೂ ನೋಡುತ್ತಾರೆ. 2025ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಟಿ.ವಿ.ಯಿಂದ ಹೆಸರಾಗಿದ್ದ ಇಬ್ಬರನ್ನು ಮಚ್ಚು ಹಿಡಿದು ರೀಲ್ಸ್ ಮಾಡಿದ್ದಕ್ಕೆ ಬಂಧಿಸಿದರು, ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಹಾಕಿದರು. ಅದು ಫೈಬರಿನದು ಎಂದು ಅವರು ಹೇಳಿದ್ದರು. ಆಟಿಕೆಗೆ ಕಾಯ್ದೆ ಅನ್ವಯಿಸುವುದಿಲ್ಲ, ನಿಜ. ಆದರೆ ಅದು ಆಟಿಕೆಯೇ ಎಂದು ತೋರಿಸಿಕೊಡಲು ಠಾಣೆ, ಕೋರ್ಟು ಅಲೆಯಬೇಕಾಗುತ್ತದೆ. ಆನ್‌ಲೈನಿನಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಗುಂಡಿ ಒತ್ತಿದರೆ ಚಿಮ್ಮುವ ಚಾಕು, ಬೆರಳಿಗೆ ತೊಡುವ ಕಬ್ಬಿಣದ ಉಂಗುರ, ಬಾಕಿನ ಆಕಾರದ ಕೀಚೈನು ಕಾಣುತ್ತವೆ. ಇವು ಯಾವ ಸೌತೆಕಾಯಿಗೆ ಬೇಕು? ಮಾಡಿದ್ದೇ ಹೆದರಿಸಲು. ‘ಯಾತಕ್ಕೆ ಮಾಡಿದ್ದು’ ಎಂಬ ಆ ಎರಡನೆಯ ಕಲಮಿನ ಪ್ರಶ್ನೆಗೆ ಇಲ್ಲಿ ಒಳ್ಳೆಯ ಉತ್ತರ ಇರುವುದಿಲ್ಲ. ಮೊಮ್ಮಕ್ಕಳು ನಿಮ್ಮ ಫೋನಿನಿಂದ ಆರ್ಡರ್ ಮಾಡಿದರೆ ಅಜ್ಜಂದಿರೇ, ಪಾರ್ಸಲ್ ತೆರೆಯುವಾಗ ಪಕ್ಕದಲ್ಲಿರಿ.

ಇದಕ್ಕೆ ಹೋಲಿಸಿದರೆ ಸ್ವಿಸ್ ಚಾಕು ಸಾಧುಪ್ರಾಣಿ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1884ರಲ್ಲಿ ಕಾರ್ಯಾಗಾರ ತೆರೆದು, 1891ರಲ್ಲಿ ಅಲ್ಲಿನ ಸೈನ್ಯಕ್ಕೆ ಚಾಕು ಕೊಡಲು ಶುರುಮಾಡಿದರು. ಸೈನಿಕರಿಗೆ ಅದು ಬೇಕಾಗಿದ್ದದ್ದು ಯುದ್ಧಕ್ಕಲ್ಲ, ಆಹಾರದ ಡಬ್ಬಿ ತೆರೆಯಲು, ಬಂದೂಕಿನ ತಿರುಪು ಬಿಚ್ಚಲು! ಬ್ರಿಟನ್ನಿನಲ್ಲಿ ಅಲಗು 3 ಇಂಚಿನೊಳಗಿರುವ, ಬಿಚ್ಚಿದಾಗ ಬಿಗಿಯಾಗಿ ಲಾಕ್ ಆಗದ ಮಡಚುವ ಚಾಕುವನ್ನು ಕಾರಣ ಹೇಳದೆಯೇ ಜೇಬಿನಲ್ಲಿಡಬಹುದು. ಅದಕ್ಕಿಂತ ದೊಡ್ಡದಾದರೆ ಸರಿಯಾದ ಕಾರಣ ಬೇಕು. ಜಪಾನಿನಲ್ಲಿ ಲೆಕ್ಕ 6 ಸೆಂ.ಮೀ.ಗೆ ಶುರುವಾಗುತ್ತದೆ. ವಿದೇಶದಲ್ಲಿರುವ ಮಗನಿಗೋ ಮಗಳಿಗೋ ಏನಾದರೂ ಒಯ್ಯುವವರು ಅಲ್ಲಿನ ನಿಯಮವನ್ನು ಮೊದಲೇ ಕೇಳಿಕೊಳ್ಳಿ.

ತರೀಕೆರೆಯ ಹುಡುಗನ ಕಥೆಗೆ ಬರೋಣ. ಕೇಸ್ ಆಗುತ್ತದೆಯೇ? ಮೂರು ಇಂಚಿನ, ತೋಟದ ಕೆಲಸಕ್ಕೆ ಮಾಡಿಸಿದ ಚಾಕು. ಯಾರನ್ನೂ ಹೆದರಿಸಿಲ್ಲ, ಬಿಚ್ಚಿಯೂ ಇಲ್ಲ. ಊರಿನಲ್ಲಿ ಆಗ ಯಾವ ನಿಷೇಧಾಜ್ಞೆಯೂ ಇರಲಿಲ್ಲ. ಅಪರಾಧವೇ ಇಲ್ಲ ಎಂದರು ವಕೀಲ ಮಿತ್ರರು. ಆದರೆ ಶಾಲೆಗೆ ತನ್ನದೇ ನಿಯಮ ಇರುತ್ತದೆ, ಇರಲೂಬೇಕು. ನಲವತ್ತು ಮಕ್ಕಳು ತಳ್ಳಾಡುವ ಕೋಣೆಯಲ್ಲಿ ಬಿಚ್ಚಿದ ಅಲಗು ಏನು ಮಾಡುತ್ತದೆ ಎಂಬುದಕ್ಕೆ ಕಾಯ್ದೆ ಓದಬೇಕಿಲ್ಲ. ಟೀಚರು ಕಿತ್ತಿಟ್ಟುಕೊಂಡದ್ದು ಸರಿ.

ಅದೇ ಹುಡುಗ ಜಗಳದಲ್ಲಿ ಚಾಕು ತೋರಿಸಿ ಹೆದರಿಸಿದ್ದರೆ ಬೆದರಿಕೆಯ ಅಪರಾಧ. ಗೀರಿದ್ದರೆ ನ್ಯಾಯ ಸಂಹಿತೆಯ 118ನೇ ಕಲಮು. ಕತ್ತರಿಸುವ ಸಾಧನದಿಂದ ಗಾಯ ಮಾಡಿದರೆ ದೊಡ್ಡವರಿಗೆ ಮೂರು ವರ್ಷದವರೆಗೆ ಸಜೆ. ಅಲ್ಲಿ ಅಲಗು ಮೂರು ಇಂಚೋ ಅರ್ಧ ಇಂಚೋ ಎಂದು ಯಾರೂ ಅಳೆಯುವುದಿಲ್ಲ, ಕೈವಾರದ ಮುಳ್ಳಿನಿಂದ ಚುಚ್ಚಿದರೂ ಗಾಯ ಗಾಯವೇ.

ಮಕ್ಕಳ ಬಗ್ಗೆ ಕಾನೂನು ಮೆತ್ತಗೆ ಮಾತಾಡುತ್ತದೆ. ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. ಏಳರಿಂದ ಹನ್ನೆರಡರ ನಡುವೆ, ತಾನು ಮಾಡಿದ್ದರ ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿತ್ತೇ ಎಂದು ನೋಡುತ್ತಾರೆ. ಹದಿನೆಂಟರವರೆಗೆ 2015ರ ಬಾಲನ್ಯಾಯ ಕಾಯ್ದೆ. ಮಗುವನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅದರ ಹೆಸರು, ಫೋಟೊ, ಶಾಲೆ ಯಾವುದನ್ನೂ ಪತ್ರಿಕೆಯಲ್ಲಿ ಹಾಕುವಂತಿಲ್ಲ.

ಪತ್ರಿಕೆಗೆ ಕಾನೂನಿದೆ. ಕ್ಲಾಸಿನ ಹುಡುಗರ ಬಾಯಿಗೆ ಇಲ್ಲವಲ್ಲ. ಮಾರನೆಯ ದಿನದಿಂದ ಅವನಿಗೆ ‘ಚೂರಿ’ ಎಂಬ ಹೆಸರು ಬಿತ್ತು. ಪಕ್ಕದಲ್ಲಿ ಕೂರಬೇಡ ಎಂದು ಕೆಲವರ ಮನೆಯಲ್ಲಿ ಹೇಳಿಕಳಿಸಿದರು. ಹುಡುಗ ಒಂದು ವಾರ ಶಾಲೆಗೆ ಹೋಗುವುದಿಲ್ಲ ಎಂದು ಕೂತ. ಅಜ್ಜ ಊಟ ಬಿಟ್ಟರು. ಕೇಸಿಗಿಂತ ಇದೇ ದೊಡ್ಡದಾಯಿತು.

ಕೊನೆಗೆ ಹೆಡ್‌ಮಾಸ್ಟರು ಅಜ್ಜನನ್ನು ಕರೆಸಿ, ಚಾಕುವನ್ನು ಲಕೋಟೆಯಲ್ಲಿ ಹಾಕಿ ಸಹಿ ತೆಗೆದುಕೊಂಡು ವಾಪಸ್ ಕೊಟ್ಟರು. ಜೊತೆಗೆ ಒಂದು ಕೆಲಸ ಮಾಡಿದರು. “ನಮ್ ಮಕ್ಕಳಿಗೆ ಅಡಿಕೆ ಕೊಯ್ಲು ಹ್ಯಾಗ್ ಮಾಡ್ತಾರೆ ಅಂತ ಬಂದು ಹೇಳ್ಕೊಡಿ ಯಜಮಾನ್ರೇ” ಅಂದರು. ಅಜ್ಜ ಒಂದು ಶನಿವಾರ ದೋಟಿ, ಮೆಟ್ಟುಗತ್ತಿ, ಕುಡುಗೋಲು, ಆ ಹಿತ್ತಾಳೆ ಹಿಡಿಯ ಚಾಕು ಎಲ್ಲ ತೆಗೆದುಕೊಂಡು ಹೋದರು. ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಅಡಿಕೆ ಸುಲಿದು ತೋರಿಸಿದರು. ಬಾಳೆಪಟ್ಟೆ ಸೀಳಿ ಗಂಟು ಹಾಕುವುದನ್ನು ಮೊಮ್ಮಗನ ಕೈಯಲ್ಲಿ ಮಾಡಿಸಿದರು. ಚಾಕುವನ್ನು ಇನ್ನೊಬ್ಬರಿಗೆ ಕೊಡುವಾಗ ಮಡಚಿ, ನೆಲದ ಮೇಲಿಟ್ಟು ಕೊಡಬೇಕು ಎಂದರು. ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮ ಅಜ್ಜಿಯೂ ಹೇಳುತ್ತಿದ್ದಳು. ಜಗಳ ಆಗುತ್ತೋ ಇಲ್ಲವೋ, ಬೆರಳು ಉಳಿಯುತ್ತದೆ. ಹೆದರಿ ಟೀಚರಿಗೆ ಹೇಳಿದ್ದ ಹುಡುಗನೇ ಮುಂದೆ ಬಂದು ಒಂದು ಗಂಟು ಹಾಕಿದನಂತೆ.

ಈಗ ಚಾಕು ತೋಟದ ಮನೆಯ ಪೆಟ್ಟಿಗೆಯಲ್ಲಿದೆ. ರಜೆಯಲ್ಲಿ ಅಜ್ಜನ ಜೊತೆ ತೋಟಕ್ಕೆ ಹೋದಾಗ ಹುಡುಗನ ಕೈಗೆ, ಬರುವಾಗ ಮತ್ತೆ ಪೆಟ್ಟಿಗೆಗೆ. ಮೊನ್ನೆ ಹೋಗಿದ್ದೆ. ಅಲಗಿನ ತಿರುಪು ಸಡಿಲವಾಗಿತ್ತು. ಅದನ್ನು ಮಾಡಿದ ಕುಲುಮೆ ಮುಚ್ಚಿ ಬಹಳ ವರ್ಷವಾಗಿದೆ. ಅಜ್ಜಂಪುರದ ಕಡೆ ಒಬ್ಬ ಕಮ್ಮಾರರು ಇನ್ನೂ ಕೆಲಸ ಮಾಡುತ್ತಿದ್ದಾರೆ ಎಂದು ಯಾರೋ ಹೇಳಿದರು. ಅಜ್ಜ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ, ಚೀಲದ ತಳದಲ್ಲಿಟ್ಟು, “ಹಾದೀಲಿ ಯಾರಾದ್ರೂ ಕೇಳಿದ್ರೆ ರಿಪೇರಿಗೆ ಅಂತ ಹೇಳ್ಬಹುದಲ್ವೇ?” ಎಂದು ನನ್ನನ್ನು ಕೇಳಿದರು. ಹೇಳಬಹುದು ಎಂದೆ. ಇಬ್ಬರೂ ಬಸ್ಸಿಗೆ ಹೊರಟರು.